ಜರ್ಮನಿಯೋ, ನೆದರ್‌ಲೆಂಡ್ಸೋ, ಐರ್ಲೆಂಡೋ? ಯುರೋಪಿನೊಳಗೇ ದೇಶ ಬದಲಿಸಿ ಕೆಲಸ ಹುಡುಕುವವರಿಗೆ

"ಪೋಲೆಂಡಿಗೆ ಬಂದು ಎರಡು ವರ್ಷ ಆಯ್ತು. ಈಗ ಜರ್ಮನಿಗೆ ಹೋಗಲಾ, ನೆದರ್‌ಲೆಂಡ್ಸಿಗಾ?" ಇಂಥ ಮೆಸೇಜು ತಿಂಗಳಿಗೆ ಒಂದಾದರೂ ಬರುತ್ತದೆ. ಕೇಳುವವರ ಹತ್ತಿರ ಆಗಲೇ ಒಂದು ಎಕ್ಸೆಲ್ ಶೀಟ್ ಇರುತ್ತದೆ. ದೇಶಕ್ಕೊಂದು ಕಾಲಂ, ಕೊನೆಯ ಸಾಲಿನಲ್ಲಿ ತಿಂಗಳಿಗೆ ಕೈಗೆ ಸಿಗುವ ಹಣ. ಯಾವುದು ಜಾಸ್ತಿಯೋ ಅತ್ತ ಮನಸ್ಸು ವಾಲಿರುತ್ತದೆ.

ನಾನೂ ಅಂಥದೇ ಶೀಟ್ ಮಾಡಿಕೊಂಡು 2022ರಲ್ಲಿ ಜರ್ಮನಿಯ ಆಖೆನ್ ಬಿಟ್ಟು ನೆದರ್‌ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದೆ. ಶೀಟಿನಲ್ಲಿದ್ದ ಹಣ ಕೈಗೆ ಬರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಾದ ಮೇಲೆ ಯಾರು ಕೇಳಿದರೂ ನಾನು ಸಂಬಳದಿಂದ ಶುರು ಮಾಡುವುದಿಲ್ಲ, ಕಾಗದಪತ್ರದಿಂದ ಶುರು ಮಾಡುತ್ತೇನೆ.

ಇದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಈಗಾಗಲೇ ಯುರೋಪಿನ ಯಾವುದೋ ಒಂದು ದೇಶದಲ್ಲಿ ಓದುತ್ತಿರುವ ಅಥವಾ ದುಡಿಯುತ್ತಿರುವವರಿಗೆ. ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟ್ ಇದ್ದವರು ಬ್ಯಾಗ್ ಕಟ್ಟಿಕೊಂಡು ಹೊರಡಬಹುದು. ಅವರಿಗೆ ಬಾಡಿಗೆ ಮನೆ ಬಿಟ್ಟರೆ ಬೇರೆ ತಲೆನೋವಿಲ್ಲ.

ಮೊದಲು ಐದು ಪ್ರಶ್ನೆ

ಈಗಿನ ಪರ್ಮಿಟ್ ಹೊಸ ದೇಶದಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದಾ, ಇಲ್ಲಾ ಸೊನ್ನೆಯಿಂದ ಶುರುವಾ? ಹೊಸ ಕೆಲಸ ಆರೇ ತಿಂಗಳಿಗೆ ಹೋದರೆ ಅಲ್ಲಿ ಎಷ್ಟು ದಿನ ಇರಬಹುದು? ಜೊತೆಗೆ ಬರುವ ಗಂಡ ಅಥವಾ ಹೆಂಡತಿ ಮೊದಲ ದಿನದಿಂದಲೇ ಕೆಲಸ ಮಾಡಬಹುದಾ? ನಿಮ್ಮ ಕೆಲಸಕ್ಕೆ ಅಲ್ಲಿನ ಭಾಷೆ ಬೇಕೇ ಬೇಕಾ? ತೆರಿಗೆ, ಬಾಡಿಗೆ, ಮಗುವಿನ ಡೇಕೇರ್ ಕಳೆದು ಎಷ್ಟು ಉಳಿಯುತ್ತದೆ?

ಹಣದ ಪ್ರಶ್ನೆ ಕೊನೆಗಿಟ್ಟಿದ್ದು ಬೇಕಂತಲೇ. ಎರಡನೆಯದೇ ಎಲ್ಲಕ್ಕಿಂತ ಭಾರದ್ದು. ಹೊಸ ಊರು, ಹೊಸ ಆಫೀಸು, ಪ್ರೊಬೇಷನ್ ಬೇರೆ. ಲೇಆಫ್ ಬಂದರೆ ಮೊದಲು ಹೋಗುವವರು ಹೊಸಬರೇ ಅಲ್ವಾ?

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸಿಬಿಡೋಣ. ಷೆಂಗೆನ್ ಅಂದರೆ ಗಡಿಯಲ್ಲಿ ವೀಸಾ ಕೇಳದೆ ಓಡಾಡುವ ಸೌಲಭ್ಯ, ಅಷ್ಟೇ. ಇಟಲಿಯ ಪರ್ಮಿಟ್ ಇಟ್ಟುಕೊಂಡು 180 ದಿನದಲ್ಲಿ 90 ದಿನ ಜರ್ಮನಿಯಲ್ಲಿ ಸುತ್ತಬಹುದು, ಇಂಟರ್‌ವ್ಯೂಗೂ ಹೋಗಬಹುದು. ಕೆಲಸಕ್ಕೆ ಸೇರುವ ಹಾಗಿಲ್ಲ.

ನಿಮ್ಮ ಕಾರ್ಡ್ ಮೇಲೆ ಏನು ಬರೆದಿದೆ?

ಪರ್ಸಿನಿಂದ ಕಾರ್ಡ್ ತೆಗೆದು ನೋಡಿ. ಇಯು ಬ್ಲೂ ಕಾರ್ಡ್ (ನುರಿತ ನೌಕರರಿಗೆ ಯುರೋಪಿಯನ್ ಒಕ್ಕೂಟದ ನಿಯಮದಡಿ ಕೊಡುವ ಪರ್ಮಿಟ್) ಎಂದಿದ್ದರೆ ಅರ್ಧ ದಾರಿ ಸವೆಸಿದ ಹಾಗೆ. 2021ರ ಹೊಸ ನಿರ್ದೇಶನದ ಪ್ರಕಾರ, ಬ್ಲೂ ಕಾರ್ಡ್ ಮೇಲೆ ಒಂದು ದೇಶದಲ್ಲಿ 12 ತಿಂಗಳು ಕಳೆದವರು ಮತ್ತೆ ವೀಸಾ ಇಲ್ಲದೆ ಎರಡನೇ ದೇಶಕ್ಕೆ ಕೆಲಸಕ್ಕೆ ಹೋಗಬಹುದು. ಹೋಗಿ ಒಂದು ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬೇಕು. ಪೂರ್ತಿ ಅರ್ಜಿ ಕೊಟ್ಟು ಹೆಚ್ಚೆಂದರೆ 30 ದಿನಕ್ಕೆ ಕೆಲಸ ಶುರು ಮಾಡಲು ಬಿಡಬೇಕು. ಮನೆಯವರೂ ಜೊತೆಗೇ ಬರಬಹುದು. ಆಫರ್ ಲೆಟರ್ ಕೈಯಲ್ಲಿರಬೇಕು, ಸಂಬಳ ಆ ದೇಶದ ಮಿತಿ ದಾಟಿರಬೇಕು.

ಇನ್ನೊಂದು ಲಾಭವಿದೆ. ಹಳೆಯ ದೇಶದಲ್ಲಿ ಕಳೆದ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ಐದು ವರ್ಷಕ್ಕೆ ಸಿಗುವ ಇಯು ದೀರ್ಘಕಾಲದ ಪರ್ಮಿಟ್‌ಗೆ ಕೊನೆಯ ಎರಡು ವರ್ಷ ಹೊಸ ದೇಶದಲ್ಲಿ ಬ್ಲೂ ಕಾರ್ಡ್ ಮೇಲೆ ಇದ್ದರೆ ಸಾಕು.

ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ಬ್ಲೂ ಕಾರ್ಡ್ ವ್ಯವಸ್ಥೆಯಲ್ಲೇ ಇಲ್ಲ. ಅಲ್ಲಿಗೆ ಹೋದರೆ ಇದೆಲ್ಲ ಮರೆತುಬಿಡಿ.

ಕಾರ್ಡ್ ಮೇಲೆ ಆ ದೇಶದ್ದೇ ಬೇರೆ ಹೆಸರಿದ್ದರೆ, ಅಂದರೆ ಮಾಮೂಲಿ ವರ್ಕ್ ಪರ್ಮಿಟ್ ಇದ್ದರೆ, ನೀವು ಮೈಸೂರಿನಿಂದ ಅರ್ಜಿ ಹಾಕುವುದಕ್ಕೂ ಮಿಲಾನ್‌ನಿಂದ ಹಾಕುವುದಕ್ಕೂ ಕಾನೂನಿನ ಕಣ್ಣಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಂಪನಿಯವರ ಕಣ್ಣಲ್ಲಿ ಮಾತ್ರ ಇದೆ. ಯುರೋಪಿನ ಅನುಭವ ಇದೆ, ನೇರ ಇಂಟರ್‌ವ್ಯೂಗೆ ರೈಲು ಹತ್ತಿ ಬರಬಹುದು ಎನ್ನುವುದು ಅವರಿಗೆ ಸಣ್ಣ ವಿಷಯವಲ್ಲ.

ಜರ್ಮನಿಯಲ್ಲಿ ಐದು ವರ್ಷ ಮುಗಿಸಿ ಪರ್ಮನೆಂಟ್ ಆಗುವವರಿಗೆ ಒಂದು ಮಾತು. ಅಲ್ಲಿ ಎರಡು ಬಗೆಯ ಪಿಆರ್, ಅಂದರೆ ಕಾಯಂ ವಾಸದ ಪರ್ಮಿಟ್ ಇದೆ. ನೀಡರ್‌ಲಾಸುಂಗ್ಸ್ ಎರ್ಲಾಬ್ನಿಸ್ ಜರ್ಮನಿಗೆ ಮಾತ್ರ. ಡಾವರ್‌ಆಫೆಂಟಾಲ್ಟ್ ಇಯು ಇದ್ದರೆ ಮುಂದೆ ಬೇರೆ ಒಕ್ಕೂಟ ದೇಶಕ್ಕೆ ಹೋಗಲು ಬಾಗಿಲು ಅರ್ಧ ತೆರೆದಿರುತ್ತದೆ. ದೇಶ ಬದಲಿಸುವ ಯೋಚನೆ ಇದ್ದವರು ಎರಡನೆಯದನ್ನೇ ಕೇಳಿ ಪಡೆಯಿರಿ.

ನೆದರ್‌ಲೆಂಡ್ಸ್: ಬಾಗಿಲು ಬೇಗ ತೆರೆಯುತ್ತದೆ, ಹೊಸ್ತಿಲು ಎತ್ತರ

ಇಂಗ್ಲಿಷಿನಲ್ಲೇ ಕೆಲಸ, ಬೇಗ ಮುಗಿಯುವ ಕಾಗದಪತ್ರ. ಇವೆರಡೂ ಬೇಕೆಂದರೆ ಯುರೋಪಿನ ಮುಖ್ಯಭೂಮಿಯಲ್ಲಿ ಇದಕ್ಕೆ ಸಾಟಿ ಕಡಿಮೆ. ಹೆಚ್ಚಿನವರು ಬರುವುದು ಕೆನ್ನಿಸ್‌ಮಿಗ್ರಾಂಟ್ ಎಂಬ ನುರಿತ ವಲಸಿಗರ ಪರ್ಮಿಟ್ ಮೇಲೆ. ಅರ್ಜಿಯನ್ನು ಕಂಪನಿಯೇ ಹಾಕುತ್ತದೆ. ಆದರೆ ಆ ಕಂಪನಿ ವಲಸೆ ಇಲಾಖೆ ಐಎನ್‌ಡಿಯ ಮಾನ್ಯತೆ ಪಡೆದ ಸ್ಪಾನ್ಸರ್ ಆಗಿರಬೇಕು. ಈ ಸ್ಪಾನ್ಸರ್‌ಗಳ ಪಟ್ಟಿ ಐಎನ್‌ಡಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ಅದನ್ನು ಇಳಿಸಿಕೊಂಡು, ಪಟ್ಟಿಯಲ್ಲಿರುವ ಕಂಪನಿಗಳಿಗೆ ಮಾತ್ರ ಅರ್ಜಿ ಹಾಕಿ. ಈ ಪರ್ಮಿಟ್ ಬೇಕೆಂದರೆ ಪಟ್ಟಿಯಲ್ಲಿ ಇಲ್ಲದವರಿಗೆ ಹಾಕುವುದು ಸುಮ್ನೆ ಟೈಮ್ ವೇಸ್ಟ್.

ಎತ್ತರ ಅಂದಿದ್ದು ಸಂಬಳದ ಮಿತಿಗೆ. 2025ರಲ್ಲಿ 30 ದಾಟಿದವರಿಗೆ ತಿಂಗಳಿಗೆ 5,688 ಯೂರೋ, 30ರ ಒಳಗಿನವರಿಗೆ 4,171. ಮೇ ತಿಂಗಳಲ್ಲಿ ಕೊಡುವ ಶೇ. 8ರ ರಜಾ ಭತ್ಯೆ ಇದರಲ್ಲಿ ಸೇರಿಲ್ಲ. ಪ್ರತಿ ಜನವರಿಗೂ ಮಿತಿ ಬದಲಾಗುತ್ತದೆ. 29ನೇ ವಯಸ್ಸಿಗೆ ಹೋಗುವುದಕ್ಕೂ 30ಕ್ಕೆ ಹೋಗುವುದಕ್ಕೂ ತಿಂಗಳಿಗೆ 1,500 ಯೂರೋ ಅಂತರ! ಹುಟ್ಟುಹಬ್ಬ ಹತ್ತಿರವಿದ್ದವರು ಕ್ಯಾಲೆಂಡರ್ ನೋಡಿಕೊಳ್ಳಿ.

ಇತ್ತೀಚೆಗೆ ಓದು ಮುಗಿಸಿದವರಿಗೆ ಇನ್ನೊಂದು ದಾರಿ ಇದೆ, ಜೂಕ್‌ಯಾರ್. ಅಂದರೆ ಹುಡುಕಾಟದ ವರ್ಷ. ಜಗತ್ತಿನ ಮೊದಲ 200 ವಿಶ್ವವಿದ್ಯಾಲಯಗಳಲ್ಲಿ ಒಂದರಿಂದ ಡಿಗ್ರಿ ಪಡೆದು ಮೂರು ವರ್ಷ ದಾಟಿರದಿದ್ದರೆ, ಅದು ಡಚ್ ವಿಶ್ವವಿದ್ಯಾಲಯ ಅಲ್ಲದಿದ್ದರೂ, ಒಂದು ವರ್ಷ ಇಲ್ಲಿದ್ದು ಕೆಲಸ ಹುಡುಕಬಹುದು. ಇವರಿಗೆ ಸಂಬಳದ ಮಿತಿಯೂ ಇಳಿಯುತ್ತದೆ. 2025ರಲ್ಲಿ ಅದು 2,989 ಯೂರೋ.

ಈಗ ನನ್ನ ಕತೆ.

ನೆದರ್‌ಲೆಂಡ್ಸ್ ಅಂದ ಕೂಡಲೇ ಎಲ್ಲರೂ ಹೇಳುವುದು 30 ಪರ್ಸೆಂಟ್ ರೂಲಿಂಗ್. ಹೊರದೇಶದಿಂದ ಕರೆಸಿಕೊಂಡ ನುರಿತ ನೌಕರರಿಗೆ ಸಂಬಳದ ಶೇ. 30ರವರೆಗೆ ತೆರಿಗೆ ಇಲ್ಲ, ಐದು ವರ್ಷದ ತನಕ. 2027ರಿಂದ ಇದು ಶೇ. 27 ಆಗುತ್ತದೆ. ಆಫರ್ ಕೊಟ್ಟ ಕಂಪನಿಯ ಎಚ್‌ಆರ್ ಫೋನಿನಲ್ಲಿ, "ನಿಮಗೆ ಸಿಗುತ್ತದೆ, ಎಲ್ಲರಿಗೂ ಸಿಗುತ್ತದೆ" ಎಂದರು. ನಾನು ಶೀಟಿನಲ್ಲಿ ತುಂಬಿಕೊಂಡೆ. ಮೂರು ತಿಂಗಳ ಮೇಲೆ ಪತ್ರ ಬಂತು, ಸಿಗುವುದಿಲ್ಲ ಅಂತ. ಕಾರಣ ಒಂದೇ ಸಾಲು. ಕೆಲಸಕ್ಕೆ ಸೇರುವ ಹಿಂದಿನ 24 ತಿಂಗಳಲ್ಲಿ 16ಕ್ಕಿಂತ ಹೆಚ್ಚು ತಿಂಗಳು ಡಚ್ ಗಡಿಯಿಂದ 150 ಕಿಲೋಮೀಟರಿಗಿಂತ ದೂರ ವಾಸ ಮಾಡಿರಬೇಕು.

ನಾನಿದ್ದ ಆಖೆನ್ ಎಲ್ಲಿದೆ ಗೊತ್ತಾ? ಗಡಿಗೆ ಅಂಟಿಕೊಂಡಿದೆ. ಶನಿವಾರ ತರಕಾರಿ ತರಲು ಸಿಟಿ ಬಸ್ ಹತ್ತಿ ವಾಲ್ಸ್ ಅನ್ನುವ ಡಚ್ ಊರಿಗೆ ಹೋಗಿ ಬರುತ್ತಿದ್ದೆ. ಮೆಂತ್ಯ ಸಿಗದಿದ್ದರೂ ಕೊತ್ತಂಬರಿ ಕಟ್ಟು ಚೆನ್ನಾಗಿರುತ್ತಿತ್ತು. ಆ ಕೊತ್ತಂಬರಿಯ ದೂರವೇ ನನಗೆ ತಿಂಗಳಿಗೆ 500 ಯೂರೋಗಿಂತ ಜಾಸ್ತಿ ಹೊಡೆತ ಕೊಟ್ಟಿತು.

ಇದೇ ಅಳತೆ ಹಿಡಿದರೆ ಇಡೀ ಬೆಲ್ಜಿಯಂ, ಇಡೀ ಲಕ್ಸೆಂಬರ್ಗ್ ಈ ರೂಲಿಂಗ್‌ನಿಂದ ಹೊರಗೆ. ಜರ್ಮನಿಯ ಕಲೋನ್, ಡ್ಯುಸೆಲ್‌ಡಾರ್ಫ್ ಕೂಡ ಹೊರಗೆ. ಮ್ಯೂನಿಕ್, ಬರ್ಲಿನ್‌ನಲ್ಲಿದ್ದವರಿಗೆ ತೊಂದರೆ ಇಲ್ಲ. ಪೋಲೆಂಡ್, ಇಟಲಿ, ಸ್ಪೇನ್‌ನವರಿಗೂ ಇಲ್ಲ. ಮ್ಯಾಪಿನಲ್ಲಿ ನಿಮ್ಮ ಊರಿಂದ ಗೆರೆ ಎಳೆದು ನೋಡಿ, ಆಮೇಲೆ ಸಂಬಳ ಮಾತಾಡಿ. ರೂಲಿಂಗ್ ಸಿಗದು ಎಂದು ಮೊದಲೇ ಗೊತ್ತಿದ್ದಿದ್ದರೆ ನಾನು ಮೂಲ ಸಂಬಳವನ್ನೇ ಜಗ್ಗಾಡಿ ಏರಿಸಿಕೊಳ್ಳುತ್ತಿದ್ದೆ.

ಕೆಲಸ ಹೋದರೆ ಇಲ್ಲಿ ಮೂರು ತಿಂಗಳು, ಅಷ್ಟರೊಳಗೆ ಇನ್ನೊಂದು ಮಾನ್ಯ ಸ್ಪಾನ್ಸರ್ ಸಿಗಬೇಕು. ಮೊದಲ ಕಾಂಟ್ರಾಕ್ಟ್ ಒಂದೇ ವರ್ಷದ್ದಾಗಿರುವುದು ಇಲ್ಲಿ ಮಾಮೂಲು. ಹೆಂಡತಿಗೋ ಗಂಡನಿಗೋ ಮೊದಲ ದಿನದಿಂದ ಕೆಲಸ ಮಾಡುವ ಹಕ್ಕು ಇದೆ, ಅದು ದೊಡ್ಡ ಅನುಕೂಲ. ಮನೆ ಸಿಗುವುದು ಕಷ್ಟ. ಸಿಕ್ಕರೂ ಕೆಲವು ಮನೆಗಳಲ್ಲಿ ನೆಲದ ಹಾಸು ಕೂಡ ಇರುವುದಿಲ್ಲ, ಹಳೇ ಬಾಡಿಗೆದಾರ ಕಿತ್ತುಕೊಂಡು ಹೋಗಿರುತ್ತಾನೆ. ಅಡ್ವಾನ್ಸ್ ಮಾತ್ರ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಅದೊಂದು ಸಮಾಧಾನ.

ಜರ್ಮನಿ: ನಿಧಾನ, ಆದರೆ ಕಾಲೂರಲು ಜಾಗ

ಇಲ್ಲಿ ಸ್ಪಾನ್ಸರ್ ಪಟ್ಟಿಯ ಗೋಜಿಲ್ಲ. ಸಣ್ಣ ಊರಿನ ನಲವತ್ತು ಜನರ ಕಂಪನಿಯೂ ನಿಮ್ಮನ್ನು ಕರೆಯಬಹುದು. ಬ್ಲೂ ಕಾರ್ಡಿನ ಮಿತಿ 2025ರಲ್ಲಿ ವರ್ಷಕ್ಕೆ 48,300 ಯೂರೋ ಇತ್ತು, 2026ಕ್ಕೆ 50,700. ಎಂಜಿನಿಯರ್, ಐಟಿ, ಡಾಕ್ಟರ್ ಮುಂತಾದ ಕೊರತೆಯ ಕೆಲಸಗಳಿಗೆ, ಮತ್ತು ಡಿಗ್ರಿ ಮುಗಿಸಿ ಮೂರು ವರ್ಷ ಆಗಿರದವರಿಗೆ ಇನ್ನೂ ಕಡಿಮೆ. ನೆದರ್‌ಲೆಂಡ್ಸಿನ 30 ದಾಟಿದವರ ಮಿತಿಗೆ ಹೋಲಿಸಿ, ವರ್ಷಕ್ಕೆ ಅಲ್ಲಿ 68,000 ಮೀರುತ್ತದೆ. 35ರ ವಯಸ್ಸಿನ, ಮಧ್ಯಮ ಸಂಬಳದ ಮೆಕ್ಯಾನಿಕಲ್ ಎಂಜಿನಿಯರ್‌ಗೆ ಡಚ್ ಬಾಗಿಲು ಮುಚ್ಚಿದ್ದರೂ ಜರ್ಮನಿಯದು ತೆರೆದಿರಬಹುದು.

ಐಟಿಯವರಿಗೆ 2023ರ ನವೆಂಬರಿನಿಂದ ಡಿಗ್ರಿ ಇಲ್ಲದಿದ್ದರೂ ಬ್ಲೂ ಕಾರ್ಡ್ ಸಿಗುತ್ತದೆ, ಕಳೆದ ಏಳು ವರ್ಷದಲ್ಲಿ ಮೂರು ವರ್ಷದ ಅನುಭವ ತೋರಿಸಬೇಕು. ಡಿಗ್ರಿ ಇದ್ದವರು ಆನಾಬಿನ್ ಎಂಬ ಜರ್ಮನ್ ಡೇಟಾಬೇಸಿನಲ್ಲಿ ಅದು ಹೇಗೆ ದಾಖಲಾಗಿದೆ ನೋಡಿ. ಕಾಲೇಜಿನ ಹೆಸರಲ್ಲ, ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯದ ಹೆಸರು ಹಾಕಿ ಹುಡುಕಬೇಕು. ದಾವಣಗೆರೆಯ ಕಾಲೇಜಿನಲ್ಲಿ ಓದಿದ್ದರೂ ಹುಡುಕಬೇಕಾದದ್ದು ವಿಟಿಯು. ಎಷ್ಟೋ ಜನ ಇಲ್ಲೇ ಗಾಬರಿ ಬೀಳುತ್ತಾರೆ.

ಭಾಷೆಯ ಮಾತಿಗೆ ಬಂದರೆ, ಬರ್ಲಿನ್‌ನ ಸ್ಟಾರ್ಟ್‌ಅಪ್‌ಗಳಲ್ಲಿ ಇಂಗ್ಲಿಷ್ ಸಾಕು. ಸ್ಟುಟ್‌ಗಾರ್ಟ್ ಕಡೆಯ ಮೆಷಿನ್ ಕಂಪನಿಗಳಲ್ಲಿ ಜಾಹೀರಾತು ಇಂಗ್ಲಿಷಿನಲ್ಲಿದ್ದರೂ ಮೀಟಿಂಗ್ ಜರ್ಮನ್‌ನಲ್ಲಿ. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಇಲ್ಲದೆ ಹೋದರೆ ಊಟದ ಟೇಬಲ್ಲಿನಲ್ಲಿ ಮೂಕರಾಗಿ ಕೂರಬೇಕು. ಕಾರು ಉದ್ಯಮದ ಕಾಲವೂ ಈಗ ಸರಿಯಿಲ್ಲ. ಫೋಕ್ಸ್‌ವಾಗನ್ 2030ರೊಳಗೆ 35,000 ಹುದ್ದೆ ಕಡಿಮೆ ಮಾಡುವ ಒಪ್ಪಂದವನ್ನು 2024ರ ಡಿಸೆಂಬರಿನಲ್ಲೇ ಮಾಡಿಕೊಂಡಿತು. ಅದೇ ಕ್ಷೇತ್ರದಲ್ಲಿ ಹುಡುಕುವವರು ಒಂದಿಷ್ಟು ಜಾಸ್ತಿ ತಿಂಗಳು ಕೈಯಲ್ಲಿಟ್ಟುಕೊಳ್ಳಿ.

ಇಷ್ಟಾದರೂ ನಾನು ಜರ್ಮನಿಯನ್ನು ಮೇಲಿಡುವುದು ಎರಡನೇ ಪ್ರಶ್ನೆಗೆ ಅದು ಕೊಡುವ ಉತ್ತರಕ್ಕೆ. ಬ್ಲೂ ಕಾರ್ಡ್ ನಿಯಮದಲ್ಲಿ ಕೆಲಸ ಹೋದರೆ ಮೊದಲೆರಡು ವರ್ಷದೊಳಗಾದರೆ ಮೂರು ತಿಂಗಳು, ಆಮೇಲಾದರೆ ಆರು ತಿಂಗಳು ಸಿಗುತ್ತದೆ. ಬಿ1 ಜರ್ಮನ್ ಇದ್ದರೆ 21 ತಿಂಗಳಿಗೇ ಪಿಆರ್, ಆರಂಭದ ಮಟ್ಟದ ಎ1 ಇದ್ದರೆ 27 ತಿಂಗಳಿಗೆ. ಅಲ್ಲಿಗೆ ಲೇಆಫ್ ಭಯದ ಅರ್ಧ ಭಾರ ಇಳಿಯಿತು. ನೆದರ್‌ಲೆಂಡ್ಸಿನಲ್ಲಿ ಇದಕ್ಕೆ ಐದು ವರ್ಷ, ಜೊತೆಗೆ ಭಾಷಾ ಪರೀಕ್ಷೆ.

ಒಬ್ಬರೇ ದುಡಿಯುವ ಕುಟುಂಬಕ್ಕೂ ಜರ್ಮನಿಯ ತೆರಿಗೆ ಮೃದು. ಮದುವೆಯಾದವರ ಆದಾಯವನ್ನು ಒಟ್ಟಿಗೆ ಹಿಡಿದು ಭಾಗ ಮಾಡುತ್ತಾರೆ, ಮೂರನೇ ಟ್ಯಾಕ್ಸ್ ಕ್ಲಾಸ್ ತೆಗೆದುಕೊಂಡವರಿಗೆ ತಿಂಗಳ ಸಂಬಳದಲ್ಲೇ ವ್ಯತ್ಯಾಸ ಕಾಣುತ್ತದೆ. ಡಚ್ ಪದ್ಧತಿಯಲ್ಲಿ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ. ಮಗುವಿಗೆ ಜರ್ಮನಿಯಲ್ಲಿ 2025ರಲ್ಲಿ ತಿಂಗಳಿಗೆ 255 ಯೂರೋ ಕಿಂಡರ್‌ಗೆಲ್ಡ್, ಅಂದರೆ ಮಕ್ಕಳ ಭತ್ಯೆ ಇತ್ತು. ಬರ್ಲಿನ್‌ನಲ್ಲಿ ಡೇಕೇರ್‌ಗೆ ಫೀಸೇ ಇಲ್ಲ, ಊಟದ ಸಣ್ಣ ಮೊತ್ತ ಬಿಟ್ಟರೆ. ನಾನು ಇಲ್ಲಿ ಮಗಳ ಡೇಕೇರ್ ಬಿಲ್ ನೋಡಿದಾಗೆಲ್ಲ ಇದು ನೆನಪಾಗುತ್ತದೆ.

ಆಫರ್ ಇಲ್ಲದೆ ಹೋಗುವವರಿಗೆ 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಎಂಬ ಕೆಲಸ ಹುಡುಕುವ ಪರ್ಮಿಟ್ ಇದೆ. ವಯಸ್ಸು, ಭಾಷೆ, ಅನುಭವಕ್ಕೆ ಅಂಕ, ಆರು ಅಂಕ ಬಂದರೆ ಒಂದು ವರ್ಷ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಮಾಡಬಹುದು. ಖರ್ಚಿಗೆ ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕು, ಇದು 2025ರ ಮೊತ್ತ. ವರ್ಷಕ್ಕೆ 13,000 ಮೀರುತ್ತದೆ. ಯುರೋಪಿನಲ್ಲಿ ಈಗಾಗಲೇ ಕೆಲಸ ಇದ್ದವರು ಇದಕ್ಕಾಗಿ ರಾಜೀನಾಮೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸಂಬಳ ಬರುತ್ತಿರುವಾಗಲೇ ಸಂಜೆ ವಿಡಿಯೋ ಇಂಟರ್‌ವ್ಯೂ ಕೊಡಿ. ಪರ್ಮಿಟ್ ಮುಗಿಯುತ್ತಿದೆ, ಕೈಯಲ್ಲಿ ಉಳಿತಾಯ ಇದೆ ಅನ್ನುವವರಿಗೆ ಮಾತ್ರ ಇದು ಹಿಡಿದುಕೊಳ್ಳುವ ಹಗ್ಗ.

ಐರ್ಲೆಂಡ್: ಭಾಷೆ ಸಲೀಸು, ದ್ವೀಪ ದ್ವೀಪವೇ

ನನ್ನ ತಂಗಿ ಕಾರ್ಕ್‌ನಲ್ಲಿ ನರ್ಸ್. ಅವಳು ಹೇಳುವ ಲಾಭ ಒಂದೇ, ಬೆಳಗ್ಗೆ ಎದ್ದು ಯಾರ ಜೊತೆಗೂ ತಡಕಾಡದೆ ಮಾತಾಡಬಹುದು. ನರ್ಸ್, ಡಾಕ್ಟರ್, ಐಟಿ, ಎಂಜಿನಿಯರಿಂಗ್‌ನ ಹಲವು ಕೆಲಸ ಕ್ರಿಟಿಕಲ್ ಸ್ಕಿಲ್ಸ್ ಎಂಬ ಕೊರತೆಯ ಕೆಲಸಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವ ಕೆಲಸಕ್ಕೆ ಸಂಬಳದ ಮಿತಿ 2024ರ ಜನವರಿಯಲ್ಲಿ 38,000 ಯೂರೋ ಮಾಡಿದರು, ಮುಂದೆ ಹಂತ ಹಂತವಾಗಿ ಏರಿಸುವ ಯೋಜನೆ ಇದೆ. ಡಚ್ ಜೂಕ್‌ಯಾರ್‌ನವರ ಮಿತಿ ಬಿಟ್ಟರೆ ಮೂರರಲ್ಲಿ ಇದೇ ಕಡಿಮೆ. ಎರಡು ವರ್ಷದ ಆಫರ್ ಬೇಕು. ಸುಮಾರು 21 ತಿಂಗಳಿಗೆ ಸ್ಟ್ಯಾಂಪ್ 4 ಎಂಬ ವಾಸದ ಅನುಮತಿ ಸಿಕ್ಕಿ ಯಾವ ಕಂಪನಿಗೆ ಬೇಕಾದರೂ ಹೋಗಬಹುದು. ಅದಕ್ಕೆ ಮೊದಲು ಕಂಪನಿಯೇ ಕೆಲಸದಿಂದ ಕಡಿಮೆ ಮಾಡಿದರೆ ಆರು ತಿಂಗಳ ಕಾಲಾವಕಾಶ ಇದೆ. ಇಲಾಖೆಗೆ ನಾಲ್ಕು ವಾರದೊಳಗೆ ತಿಳಿಸಬೇಕು. ಗಂಡ ಹೆಂಡತಿಗೂ ಕೆಲಸದ ಹಕ್ಕು ಬರುತ್ತದೆ.

ಬೆಲೆ ಏನು? ನಿಮ್ಮ ಜರ್ಮನ್ ಅಥವಾ ಡಚ್ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ. ಷೆಂಗೆನ್ ಒಳಗೂ ಇಲ್ಲ. ನನ್ನ ಮಗಳ ನಾಮಕರಣಕ್ಕೆ ತಂಗಿ ಒಂದೂವರೆ ಗಂಟೆಯ ವಿಮಾನ ಹತ್ತಿ ಬರಬೇಕಿತ್ತು. ವೀಸಾ ಅಪಾಯಿಂಟ್‌ಮೆಂಟ್ ಸಿಗದೆ ವಿಡಿಯೋ ಕಾಲಿನಲ್ಲೇ ಅಕ್ಷತೆ ಹಾಕಿದಳು. ಡಬ್ಲಿನ್ ಬಾಡಿಗೆಯ ಬಗ್ಗೆ ಹೇಳುವುದೇ ಬೇಡ. ಔಷಧ ಕಂಪನಿಗಳು ತುಂಬಿರುವ ಕಾರ್ಕ್ ಕಡೆ ಕೆಲಸ ಸಿಕ್ಕರೆ ಒಂದಿಷ್ಟು ಉಸಿರಾಡಬಹುದು. ತೆರಿಗೆ 2025ರಲ್ಲಿ ಒಂಟಿ ವ್ಯಕ್ತಿಗೆ 44,000 ಯೂರೋ ದಾಟಿದ ಹಣಕ್ಕೆ ಒಂದೇಟಿಗೆ ಶೇ. 40ಕ್ಕೆ ಏರುತ್ತದೆ, ಹಾಗಾಗಿ ದೊಡ್ಡ ಸಂಬಳದ ಆಫರ್ ನೋಡಿ ಹಿಗ್ಗಬೇಡಿ.

ಯಾರಿಗೆ ಯಾವುದು

28ರ ಹುಡುಗ, ಒಬ್ಬನೇ, ಮ್ಯೂನಿಕ್‌ನಲ್ಲೋ ವಾರ್ಸಾದಲ್ಲೋ ಐಟಿ ಕೆಲಸ, ಬ್ಲೂ ಕಾರ್ಡ್ ಸಿಕ್ಕಿ ವರ್ಷ ದಾಟಿದೆ. ನೆದರ್‌ಲೆಂಡ್ಸ್. ಕಡಿಮೆ ಮಿತಿ, 30 ಪರ್ಸೆಂಟ್ ರೂಲಿಂಗ್ ಎರಡೂ ಅವನ ಕಡೆ.

ಒಬ್ಬರೇ ದುಡಿಯುವ, ಚಿಕ್ಕ ಮಗುವಿರುವ ಮನೆ: ಜರ್ಮನಿ. ಹೆಂಡತಿಯೂ ಕೆಲಸಕ್ಕೆ ಹೋಗಬೇಕು ಅಂತಿದ್ದು ಅವರಿಗೆ ಇಂಗ್ಲಿಷ್ ಮಾತ್ರ ಬರುವುದಾದರೆ ಲೆಕ್ಕ ತಿರುಗುತ್ತದೆ. ಕಾನೂನಿನಲ್ಲಿ ಹಕ್ಕಿದ್ದರೂ ಸಣ್ಣ ಜರ್ಮನ್ ಊರಿನಲ್ಲಿ ಇಂಗ್ಲಿಷ್ ಕೆಲಸ ಸಿಗುವುದಿಲ್ಲ. ಆಗ ಆಮ್‌ಸ್ಟರ್‌ಡ್ಯಾಮ್, ಐಂಡ್‌ಹೋವನ್, ಡಬ್ಲಿನ್ ನೋಡಿ.

ನರ್ಸ್‌ಗಳು ಭಾಷೆ ಕಲಿಯಲು ಒಂದು ವರ್ಷ ಕೊಡಬಲ್ಲಿರಾ ಎಂದು ಮೊದಲು ಕೇಳಿಕೊಳ್ಳಿ. ಇಲ್ಲವಾದರೆ ಐರ್ಲೆಂಡ್. ಜರ್ಮನಿಗೆ ಬಿ2 ಮಟ್ಟದ ಭಾಷೆ, ಮೇಲೆ ಓದಿನ ಮಾನ್ಯತೆ ಬೇಕು. ಐರ್ಲೆಂಡಿನ ನೋಂದಣಿ ತೋರಿಸಿದರೆ ಸಾಕು ಅನ್ನುವ ಏಜೆಂಟರ ಮಾತು ನಂಬಬೇಡಿ.

40 ದಾಟಿ, ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ, ಈಗಿರುವ ದೇಶದಲ್ಲಿ ಪಿಆರ್‌ಗೆ ಒಂದು ವರ್ಷವಷ್ಟೇ ಬಾಕಿ ಇದ್ದರೆ, ಹೋಗಬೇಡಿ. ಅದು ಕೈಗೆ ಬರಲಿ.

ಹುಡುಕುವಾಗ

"ಸ್ಪಾನ್ಸರ್‌ಶಿಪ್ ಬೇಕಾ?" ಎಂಬ ಪ್ರಶ್ನೆಗೆ ಬರೀ ಹೌದು ಎಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. "ನನ್ನ ಬಳಿ ಇಯು ಬ್ಲೂ ಕಾರ್ಡ್ ಇದೆ, 14 ತಿಂಗಳು ಆಗಿದೆ, ಹೊಸ ವೀಸಾ ಬೇಕಿಲ್ಲ" ಎಂದು ರೆಸ್ಯೂಮೆಯ ಮೇಲ್ಭಾಗದಲ್ಲೇ ಒಂದು ಸಾಲು ಬರೆಯಿರಿ. ಒಕ್ಕೂಟದ ಯೂರೆಸ್ ಪೋರ್ಟಲ್‌ನಲ್ಲಿ ಎಲ್ಲ ದೇಶದ ಕೆಲಸಗಳೂ ಸಿಗುತ್ತವೆ, ಆದರೆ ಯೂರೋಪಾಸ್ ಮಾದರಿಯ ಉದ್ದನೆ ರೆಸ್ಯೂಮೆ ಖಾಸಗಿ ಕಂಪನಿಗಳಿಗೆ ಕಳಿಸಬೇಡಿ, ಅದು ಸರ್ಕಾರಿ ಫಾರಂ ತರ ಕಾಣುತ್ತದೆ.

ನೋಟಿಸ್ ಪೀರಿಯಡ್ ಲೆಕ್ಕ ಹಾಕಿ. ಜರ್ಮನಿಯಲ್ಲಿ ಮೂರು ತಿಂಗಳು ಮಾಮೂಲು, ಡಚ್ಚರಿಗೆ ಒಂದೇ ತಿಂಗಳು ಅಭ್ಯಾಸ. ಇಂಟರ್‌ವ್ಯೂನಲ್ಲೇ ಹೇಳಿಬಿಡಿ.

ಹೊರಡುವ ಮುನ್ನ ಹಳೆಯ ದೇಶದಿಂದ ಯು1 ಫಾರಂ ಕೇಳಿ ತೆಗೆದುಕೊಳ್ಳಿ. ಅಲ್ಲಿ ವಿಮೆ ಕಟ್ಟಿದ ತಿಂಗಳುಗಳು ಹೊಸ ದೇಶದ ನಿರುದ್ಯೋಗ ಭತ್ಯೆಗೆ ಸೇರುವುದು ಅದರಿಂದಲೇ. ಜರ್ಮನಿ ಬಿಡುವವರು ಆರ್ಬೈಟ್ಸ್‌ತ್ಸಾಯ್ಗ್ನಿಸ್, ಅಂದರೆ ಕಂಪನಿಯ ಪ್ರಮಾಣಪತ್ರ, ಮತ್ತು ಊರು ಬಿಟ್ಟ ದಾಖಲೆ ಆಬ್‌ಮೆಲ್ಡುಂಗ್ ಎರಡನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ನಾನು ಎರಡನೆಯದನ್ನು ಯಾವುದೋ ಪೆಟ್ಟಿಗೆಗೆ ಹಾಕಿ ಮರೆತೆ. ಅದನ್ನು ತೋರಿಸಲಾಗದೆ ಐಂಡ್‌ಹೋವನ್‌ಗೆ ಬಂದ ಮೇಲೂ ಎಂಟು ತಿಂಗಳು ಆಖೆನ್‌ನ ಜಿಮ್‌ಗೆ ಫೀಸು ಕಟ್ಟಿದೆ. ಆ ಜಿಮ್‌ಗೆ ಹೋಗಿದ್ದು ಒಟ್ಟು ಆರು ಸಲ.